ಕಸದ ಲಾರಿ ಮುಂದೆ ನಿಂತ ಮಾವ

ಅಮೆರಿಕದ ಮೆಂಫಿಸ್‌ಗೆ ಹೊರಟಿದ್ದೇ ನನ್ನ ಗಂಡನಿಗೆ ಹಾಡುಗಾರ ಎಲ್ವಿಸ್ ಪ್ರೀಸ್ಲಿ ಮನೆ ನೋಡೋ ಹುಚ್ಚು ಅಂತ. ನ್ಯಾಶ್‌ವಿಲ್‌ನಿಂದ ಮೂರು ಗಂಟೆ ಡ್ರೈವ್, ಊರಿಂದ ಬಂದಿದ್ದ ಮಾವನೂ ಜೊತೆಗಿದ್ರು, ಅವರಿಗೆ ಎಲ್ವಿಸ್ ಯಾರು ಅಂತಾನೇ ಗೊತ್ತಿಲ್ಲ, ಗೊತ್ತು ಮಾಡ್ಕೊಳೋ ಆಸೆನೂ ಇಲ್ಲ. ಹೈವೇಲಿ ಬೋರ್ಡ್ ಕಂಡಾಗ "ಮಾರ್ಟಿನ್ ಲೂಥರ್ ಕಿಂಗ್‌ನ ಕೊಂದಿದ್ದು ಇದೇ ಊರಲ್ಲಿ ತಾನೆ, ನಮ್ಮನ್ನ ಅಲ್ಲಿಗೆ ಬಿಡು" ಅಂದ್ರು. ಹಂಗಾಗಿ ನನ್ನ ಗಂಡ, ಮಗ ಎಲ್ವಿಸ್ ಮನೆ ಗ್ರೇಸ್‌ಲ್ಯಾಂಡ್‌ಗೆ, ನಾನು ಮಾವ ಕಿಂಗ್‌ಗೆ ಗುಂಡು ಬಿದ್ದ ಲೊರೇನ್ ಮೋಟೆಲ್‌ಗೆ.

ಮೋಟೆಲ್ ಹೊರಗಿಂದ ಹಂಗೇ ಇದೆ, ಕೆಳಗೆ ಆ ಕಾಲದ ಎರಡು ಬಿಳಿ ಕಾರು, ಮೇಲೆ 306ನೇ ರೂಮಿನ ಮುಂದಿನ ಬಾಲ್ಕನಿಗೆ ಹೂವಿನ ಚಕ್ರ. 1991ರಿಂದ ಇದು ನಾಗರಿಕ ಹಕ್ಕುಗಳ ಮ್ಯೂಸಿಯಂ. ಒಳಗೆ ಗುಲಾಮರ ಹಡಗಿಂದ ಶುರುವಾಗಿ ಬಿಳಿಯರಿಗೆ ಸೀಟು ಬಿಡಲ್ಲ ಅಂದ ರೋಸಾ ಪಾರ್ಕ್ಸ್ ಬಸ್ಸು, ಬಿಳಿಯರಿಗೆ ಮಾತ್ರ ಅಂತಿದ್ದ ಲಂಚ್ ಕೌಂಟರಲ್ಲಿ ಕೂತ ಸ್ಟೂಡೆಂಟ್ಸು, ಹೋರಾಟ ನಡೆದ ಬರ್ಮಿಂಗ್‌ಹ್ಯಾಮ್, ಸೆಲ್ಮಾ ಅಂತ ವರ್ಷದ ಪ್ರಕಾರ ನಡ್ಕೊಂಡು ಹೋಗ್ಬೇಕು. ರೋಸಾ ಪಾರ್ಕ್ಸ್ ಬಸ್ ಹತ್ರ ಮಾವ ಜಾಸ್ತಿ ಹೊತ್ತು ನಿಲ್ತಾರೆ ಅನ್ಕೊಂಡಿದ್ದೆ, ಯಾಕಂದ್ರೆ ಜೀವಮಾನ ಪೂರ್ತಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೋರು, ಯೂನಿಯನ್ನಲ್ಲೂ ಇದ್ದೋರು. ಒಂದ್ಸಲ ಟೈರ್ ನೋಡಿ ಮುಂದೆ ಹೋಗ್ಬಿಟ್ರು.

ಅವರು ನಿಂತಿದ್ದು ಕಸದ ಲಾರಿ ಮುಂದೆ.

ನಾನು ಇಷ್ಟು ವರ್ಷ ಈ ಟೆನೆಸ್ಸೀ ರಾಜ್ಯದಲ್ಲೇ ಇದ್ದು, ಕಿಂಗ್ ಮೆಂಫಿಸ್‌ಗೆ ಯಾಕೆ ಬಂದಿದ್ರು ಅಂತ ಒಂದು ದಿನವೂ ಕೇಳ್ಕೊಂಡಿರ್ಲಿಲ್ಲ, ಯಾವ್ದೋ ಭಾಷಣಕ್ಕೆ ಬಂದಿರ್ಬೇಕು ಅಷ್ಟೇ. ಬಂದಿದ್ದು ಕಸ ಎತ್ತೋರ ಸ್ಟ್ರೈಕಿಗೆ. 1968ರ ಫೆಬ್ರವರಿ 1, ಜೋರು ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಅನ್ನೋ ಇಬ್ಬರು ಕಪ್ಪು ಕಾರ್ಮಿಕರು ಮಳೆಗೆ ಕಸದ ಲಾರಿ ಹಿಂಭಾಗದಲ್ಲೇ ಹತ್ತಿ ಕೂತ್ರು, ಮುಂದೆ ಕ್ಯಾಬಿನ್ನಲ್ಲಿ ಜಾಗ ಇರ್ಲಿಲ್ಲ, ಬಿಳಿಯರ ಬಡಾವಣೆಲಿ ಯಾವುದಾದ್ರೂ ಮನೆ ಹತ್ರ ನಿಂತ್ರೆ ಕಂಪ್ಲೇಂಟ್ ಹೋಗ್ತಿತ್ತು. ಕಸ ಒತ್ತೋ ಮೆಷಿನ್ ತಾನಾಗೇ ಸ್ಟಾರ್ಟ್ ಆಯ್ತು, ಡ್ರೈವರ್ ಬಟನ್ ಒತ್ತಿದ್ರೂ ನಿಲ್ಲಲಿಲ್ಲ, ಇಬ್ಬರೂ ಗಾಣಕ್ಕೆ ಸಿಕ್ಕ ಕಬ್ಬಿನ ಥರ ಸಿಕ್ಕಾಕೊಂಡು ಸತ್ರು.

ಮಾವ ಕನ್ನಡಕ ಮೇಲೆ ಮಾಡ್ಕೊಂಡು ಆ ಕಾಲದ ಲಾರಿಯ ಹಿಂಭಾಗ, ಪಕ್ಕ ಎಲ್ಲಾ ಬಗ್ಗಿ ಬಗ್ಗಿ ನೋಡಿದ್ರು. "ಶಾರ್ಟ್ ಆಗಿರತ್ತೆ. ಹಳೇ ಗಾಡಿ ಬದಲಾಯ್ಸಿ ಅಂತ ಮೊದಲೇ ಹೇಳಿರ್ತಾರೆ ನೋಡು" ಅಂದ್ರು. ಹೌದು, ಹೇಳಿದ್ರಂತೆ. ಆಮೇಲೆ ನನಗೆ ಕೆಲಸ ಶುರುವಾಯ್ತು, ಅವರು ಕೇಳೋದು ನಾನು ಬೋರ್ಡು, ಫೋನು ನೋಡಿ ಹೇಳೋದು. ಪರಿಹಾರ ಎಷ್ಟು ಕೊಟ್ರು? ಒಂದು ತಿಂಗಳ ಸಂಬಳ, ಮಣ್ಣು ಮಾಡೋಕೆ 500 ಡಾಲರ್, ದಿನಗೂಲಿ ಲೆಕ್ಕದವರಾದ್ರಿಂದ ಇನ್ಶೂರೆನ್ಸ್ ಇಲ್ಲ. ಮಳೆ ದಿನ ಕೂಲಿ? ಕಪ್ಪು ಕಾರ್ಮಿಕರನ್ನ ಮನೆಗೆ ಕಳ್ಸಿ ಕೂಲಿ ಕಟ್ ಮಾಡೋದು, ಬಿಳಿ ಸೂಪರ್‌ವೈಸರ್‌ಗೆ ಪೂರ್ತಿ ಸಂಬಳ. ಎಷ್ಟು ಜನ ಇಳಿದ್ರು? ಫೆಬ್ರವರಿ 12ಕ್ಕೆ ಸುಮಾರು 1300. "ಚೆಕ್ ಆಫ್ ಇತ್ತಾ?"

ಅದೇನು ಅಂತ ನನಗೆ ಗೊತ್ತಿರ್ಲಿಲ್ಲ. ಸಂಬಳದಲ್ಲೇ ಯೂನಿಯನ್ ಚಂದಾ ಹಿಡ್ಕೊಂಡು ಕೊಡೋದಂತೆ, ಅದಿಲ್ದಿದ್ರೆ ಪ್ರತಿ ತಿಂಗಳು ಒಬ್ಬೊಬ್ಬರ ಹತ್ರ ಕೈ ಚಾಚಬೇಕು, ಆರು ತಿಂಗಳಲ್ಲಿ ಯೂನಿಯನ್ ಒಣಗೋಗತ್ತೆ ಅಂದ್ರು. ನೋಡಿದ್ರೆ ಇಡೀ ಜಗಳ ನಿಂತಿದ್ದೇ ಅಲ್ಲಿ! ಮೇಯರ್ ಹೆನ್ರಿ ಲೋಬ್ ಯೂನಿಯನ್ ಒಪ್ಪಲ್ಲ, ಚೆಕ್ ಆಫ್ ಕೊಡಲ್ಲ, ಸ್ಟ್ರೈಕೇ ಕಾನೂನುಬಾಹಿರ ಅಂತ ಕೂತ. ಈ ಕಾರ್ಮಿಕರು 'ನಾನು ಮನುಷ್ಯ' ಅಂತ ಬೋರ್ಡ್ ಹಿಡಿದ ಫೋಟೋ ಎಲ್ಲರೂ ನೋಡಿರ್ತೀವಿ, ಚಂದಾ ವಿಷಯ ಯಾರೂ ಹೇಳಲ್ಲ.

ಕಿಂಗ್ ಆಗ ಮೊದಲಿನಷ್ಟು ಪಾಪ್ಯುಲರ್ ಅಲ್ಲ. 1967ರ ಏಪ್ರಿಲ್ 4ಕ್ಕೆ ನ್ಯೂಯಾರ್ಕ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಮಾತಾಡಿದ್ರು, ದೊಡ್ಡ ಪೇಪರ್‌ಗಳೇ ತಿರುಗಿ ಬಿದ್ವು. ಬಡವರನ್ನ ವಾಷಿಂಗ್ಟನ್‌ಗೆ ಪ್ರತಿಭಟನೆಗೆ ಕರ್ಕೊಂಡು ಹೋಗೋ ಪ್ಲಾನ್ ನಡೀತಿತ್ತು, ಅದರ ಮಧ್ಯೆ ಮೆಂಫಿಸ್. ಮಾರ್ಚ್ 28ರ ಮೆರವಣಿಗೆ ಗಲಾಟೆಯಾಗಿ ಲ್ಯಾರಿ ಪೇಯ್ನ್ ಅನ್ನೋ 16 ವರ್ಷದ ಹುಡುಗ ಪೊಲೀಸ್ ಗುಂಡಿಗೆ ಸತ್ತ. ಶಾಂತವಾಗಿ ಇನ್ನೊಂದು ಮೆರವಣಿಗೆ ಮಾಡಿ ತೋರಿಸಲೇಬೇಕು ಅಂತ ಕಿಂಗ್ ವಾಪಸ್ ಬಂದ್ರು, ಏಪ್ರಿಲ್ 4ರ ಸಂಜೆ 6 ಗಂಟೆ 1 ನಿಮಿಷಕ್ಕೆ ಆ ಬಾಲ್ಕನಿಲಿ ಗುಂಡು. ಬರೀ 39 ವರ್ಷ. ನೂರಕ್ಕೂ ಹೆಚ್ಚು ಊರುಗಳಲ್ಲಿ ದಂಗೆ, ವಾಷಿಂಗ್ಟನ್‌ನಲ್ಲಿ ಸೈನ್ಯ ಬೀದಿಗಿಳೀತು.

306ನೇ ರೂಮನ್ನ ಗಾಜಿನಾಚೆಯಿಂದ ನೋಡ್ಬಹುದು. ಅಲ್ಲಿ ಜನ ಅಳ್ತಿದ್ರು, ನನಗೂ ಒಂಥರಾ ಆಯ್ತು. ಮಾವ ಕೇಳಿದ್ದು ಮಾತ್ರ "ಸ್ಟ್ರೈಕ್ ಏನಾಯ್ತು?"

ನಿಜ ಹೇಳಬೇಕಂದ್ರೆ ಸ್ವಲ್ಪ ಸಿಟ್ಟೇ ಬಂತು. ಆದ್ರೆ ಪ್ರಶ್ನೆ ಸರಿಯಾಗೇ ಇತ್ತು. ಏಪ್ರಿಲ್ 8ಕ್ಕೆ ಹೆಂಡತಿ ಕೊರೆಟ್ಟಾ ಬಂದು ಅದೇ ಮೆರವಣಿಗೆ ನಡೆಸಿದ್ರು, ಗಂಡನ ಅಂತ್ಯಕ್ರಿಯೆ ಇನ್ನೂ ಆಗಿರ್ಲಿಲ್ಲ. 16ಕ್ಕೆ ರಾಜಿ ಆಯ್ತು. ಯೂನಿಯನ್‌ಗೆ ಮಾನ್ಯತೆ, ಕೂಲಿ ಗಂಟೆಗೆ ಮೇ ತಿಂಗಳಿಂದ 10 ಸೆಂಟ್ ಜಾಸ್ತಿ, ಸೆಪ್ಟೆಂಬರಿಂದ ಮತ್ತೆ 5 ಸೆಂಟ್. ದುಡ್ಡಿಲ್ಲ ಅಂತ ಸಿಟಿ ಕೈ ಎತ್ತಿದಾಗ ಏಬ್ ಪ್ಲೌ ಅನ್ನೋ ಅದೇ ಊರಿನ ಉದ್ಯಮಿ ಹೆಸರು ಹೇಳದೆ 60,000 ಡಾಲರ್ ಕೊಟ್ರು. ಚಂದಾನ ಸಿಟಿ ನೇರವಾಗಿ ಯೂನಿಯನ್‌ಗೆ ಕೊಡದೆ, ಕ್ರೆಡಿಟ್ ಯೂನಿಯನ್ ಅನ್ನೋ ನೌಕರರ ಸಹಕಾರಿ ಬ್ಯಾಂಕ್ ಮೂಲಕ ಹೋಗೋ ಹಂಗೆ ಮಾಡಿದ್ರು, ಮೇಯರ್ ಮರ್ಯಾದೆನೂ ಉಳೀತು. ಅದನ್ನ ಕೇಳಿ ಮಾವ ಜೋರಾಗಿ ನಕ್ರು, ಅವತ್ತು ಅವರು ನಕ್ಕಿದ್ದು ಅದೊಂದ್ಸಲನೇ, ಸುತ್ತ ಇದ್ದೋರೆಲ್ಲ ತಿರುಗಿ ನೋಡಿದ್ರು.

ಹೊರಗೆ ಬೆಂಚಲ್ಲಿ ಕೂತು ಗಂಡನಿಗೆ ಕಾಯ್ತಾ ಇನ್ನೊಂದು ಓದಿ ಹೇಳ್ದೆ. ರಾಜಿ ಆದ್ಮೇಲೆ ಈ ಕಾರ್ಮಿಕರು ಸಿಟಿ ಪೆನ್ಷನ್ ಬಿಟ್ಟು ಕೇಂದ್ರ ಸರ್ಕಾರದ ಸೋಶಿಯಲ್ ಸೆಕ್ಯುರಿಟಿ ಅನ್ನೋ ಪಿಂಚಣಿ ಆರಿಸ್ಕೊಂಡ್ರಂತೆ, ವಯಸ್ಸಾದ್ಮೇಲೆ ಅದು ಸಾಕಾಗ್ಲಿಲ್ಲ, ಕೆಲವರು ಎಂಬತ್ತು ದಾಟಿದ್ರೂ ಕಸದ ಕೆಲಸಕ್ಕೇ ಹೋಗ್ತಿದ್ರು. 2017ರಲ್ಲಿ ಬದುಕಿದ್ದ 14 ಜನಕ್ಕೆ ಸಿಟಿ ತಲಾ 50,000 ಡಾಲರ್ ಘೋಷಿಸಿ ಆಮೇಲೆ 70,000ಕ್ಕೆ ಏರಿಸ್ತು.

"ಎಷ್ಟು ವರ್ಷ ಆಯ್ತು ಅಲ್ಲಿಗೆ?" ಅಂದ್ರು ಮಾವ. ನಲವತ್ತೊಂಬತ್ತು ಅಂದೆ. ವಾಪಸ್ ಬರೋವಾಗ ಗಂಡ ಎಲ್ವಿಸ್‌ಗೆ ಸ್ವಂತ ವಿಮಾನ ಇತ್ತು ಗೊತ್ತಾ ಅಂತ ಶುರು ಮಾಡಿದ್ರೆ ಮಾವ ಅರ್ಧಕ್ಕೇ ತಡೆದು, ತಮ್ಮ ಪಿಎಫ್ ಪೆನ್ಷನ್ ಯಾವ ಲೆಕ್ಕದಲ್ಲಿ ಬರತ್ತೆ, ಯಾವ ಫಾರಂಗೆ ಸೈನ್ ಹಾಕ್ಬಾರದಿತ್ತು ಅಂತ ನ್ಯಾಶ್‌ವಿಲ್ ತನಕ ವಿವರಿಸಿದ್ರು.