ಎಂಬತ್ತೆಂಟು ಬತ್ತಿ

ಡಿಸೆಂಬರ್ ಚಳಿಯಲ್ಲಿ, ಭಾನುವಾರ ಬೆಳಗ್ಗೆ, ಮರದ ಪಟ್ಟಿಗೆ ನಟ್ಟು ಅಂಟಿಸುತ್ತಾ ಕೂರುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ. 2023ರ ಮಾತು. ನಾವಿರುವುದು ನ್ಯೂಜೆರ್ಸಿಯ ಹೈಲ್ಯಾಂಡ್ ಪಾರ್ಕ್‌ನಲ್ಲಿ. ಪಕ್ಕದ ಎಡಿಸನ್‌ಗೆ ಹೋದರೆ ಕೊತ್ತಂಬರಿ ಸೊಪ್ಪಿನಿಂದ ಹಣತೆವರೆಗೆ ಎಲ್ಲ ಸಿಗುತ್ತದೆ. ನಮ್ಮ ಬೀದಿಯಲ್ಲಿ ಮಾತ್ರ ಯಹೂದಿ ಮನೆಗಳೇ ಜಾಸ್ತಿ. ಪಕ್ಕದ ಮನೆ ಅಜ್ಜಿಯ ಮೊಮ್ಮಗನೂ ನನ್ನ ಮಗಳೂ ಒಂದೇ ಕ್ಲಾಸು. ಗುರುವಾರ, ಡಿಸೆಂಬರ್ 7ರ ಸಂಜೆಗೆ ಯಹೂದಿಗಳ ದೀಪದ ಹಬ್ಬ ಹನುಕ್ಕಾ ಶುರು. ಅಷ್ಟರಲ್ಲಿ ಇಬ್ಬರೂ ಸೇರಿ ದೀಪದ ಸ್ಟ್ಯಾಂಡ್ ಮಾಡಬೇಕು ಅಂತ ತೀರ್ಮಾನವಾಗಿತ್ತು. ಅಂಟಿಸುವ ಕೆಲಸ ನನ್ನ ತಲೆಗೆ ಬಂತು.

ಈ ಸ್ಟ್ಯಾಂಡಿಗೆ ಎಲ್ಲರೂ ಮೆನೋರಾ ಅಂತಾರೆ. ಜೆರುಸಲೇಮಿನ ದೇವಾಲಯದಲ್ಲಿದ್ದ ಮೆನೋರಾಕ್ಕೆ ಏಳು ದೀಪ. ಹನುಕ್ಕಾದ್ದಕ್ಕೆ ಒಂಬತ್ತು, ಅದರ ಹೆಸರು ಹನುಕ್ಕಿಯಾ. ಎಂಟು ರಾತ್ರಿಗೆ ಎಂಟು ದೀಪ. ಒಂಬತ್ತನೆಯದು ಶಮಾಶ್, ಅಂದರೆ ಆಳು. ಉಳಿದವನ್ನು ಹಚ್ಚುವುದು ಅವನ ಕೆಲಸ. ಎಂಟೂ ಒಂದೇ ಎತ್ತರದಲ್ಲಿ, ಒಂದೇ ಸಾಲಿನಲ್ಲಿ ಇರಬೇಕು. ಆಳು ಮಾತ್ರ ಬೇರೆಯಾಗಿ ಕಾಣಬೇಕು.

ಮಕ್ಕಳು ಮಾಡುವ ಸುಲಭದ ವಿಧಾನ ಅಂದರೆ ನಟ್ಟಿನದು. ಮರದ ಪಟ್ಟಿಯ ಮೇಲೆ ಎಂಟು ದಪ್ಪ ನಟ್ಟು ಸಾಲಾಗಿ, ಶಮಾಶ್‌ಗೆ ಎರಡು ನಟ್ಟು ಒಂದರ ಮೇಲೊಂದು. ಒಟ್ಟು ಹತ್ತು. ನಾನು ಇಂಜಿನಿಯರ್ ಅಲ್ವಾ, ಅಳತೆ ನೋಡದೆ ತಂದೆ. ಮೇಣದಬತ್ತಿ ಒಳಗೇ ಹೋಗಲಿಲ್ಲ. ಮತ್ತೆ ಅಂಗಡಿಗೆ ಓಡಿದೆ. ಎರಡನೇ ಸಲ ಎಲ್ಲ ಸರಿಹೋಯಿತು. ಮಕ್ಕಳು ನೀಲಿ ಬಣ್ಣ ಹಚ್ಚಿ, ಹೊಳೆಯುವ ಪುಡಿ ಉದುರಿಸಿದರು. ಬಿಸಿ ಅಂಟಿನ ಗನ್ ಹಿಡಿದು ನಾನು ಹತ್ತೂ ನಟ್ಟನ್ನು ಗಟ್ಟಿಯಾಗಿ ಕೂರಿಸಿದೆ.

ಪಕ್ಕದ ಮನೆ ಅಜ್ಜಿ ಬಂದು ನೋಡಿದರು. "ಚೆನ್ನಾಗಿದೆ, ಒಂದ್ಸಲ ಉರಿಸಿ ನೋಡೋಣ" ಅಂದರು. ಮೇಣ ಕೆಳಗಿನವರೆಗೆ ಉರಿದು ಬರುತ್ತಿದ್ದ ಹಾಗೆ ನಟ್ಟು ಕಾಯಿತು. ನಟ್ಟು ಕಾಯುತ್ತಿದ್ದ ಹಾಗೆ ಅಂಟು ಕರಗಿತು. ಮೊದಲು ಒಂದು ಚೂರು ವಾಲಿತು. ಆಮೇಲೆ ಶಮಾಶ್ ಮಹಾಶಯ ಉರಿಯುತ್ತಿದ್ದ ಹಾಗೇ ಪಕ್ಕದವನ ಹೆಗಲಿಗೆ ಬಿದ್ದ. ಕೆಳಗೆ ಸ್ಟೀಲ್ ತಟ್ಟೆ ಇಟ್ಟಿದ್ದರಿಂದ ಮೇಜು ಉಳಿಯಿತು. ಮಗಳ ಮುಖ ನೋಡೋಕಾಗಲಿಲ್ಲ.

ಆಗ ಎದ್ದವಳು ಅಮ್ಮ. ಹಾಸನದಿಂದ ದೀಪಾವಳಿಗೆ ಬಂದಿದ್ದಳು. ಅಲ್ಲಿವರೆಗೆ ಸೋಫಾದಲ್ಲಿ ಕೂತು ನಮ್ಮ ಪರದಾಟ ನೋಡುತ್ತಿದ್ದಳು. ಒಳಗೆ ಹೋಗಿ ದೀಪಾವಳಿಯಲ್ಲಿ ಉಳಿದಿದ್ದ ಹಣತೆಗಳ ಡಬ್ಬ ತಂದಳು. ಎಣಿಸಿದರೆ ಸರಿಯಾಗಿ ಒಂಬತ್ತು! ಬಕೆಟ್ ನೀರಿನಲ್ಲಿ ಮುಳುಗಿಸಿದಳು. ಹೊಸ ಹಣತೆ ನೆನೆಸದಿದ್ದರೆ ಎಣ್ಣೆಯೆಲ್ಲ ತಾನೇ ಕುಡಿಯುತ್ತದೆ. ಅವು ಬುಳುಬುಳು ಗುಳ್ಳೆ ಬಿಡುವುದನ್ನು ಮಕ್ಕಳು ಬಕೆಟ್ಟಿಗೆ ಬಗ್ಗಿ ನೋಡಿದರು.

ಪಕ್ಕದ ಮನೆ ಅಜ್ಜಿಗೆ ಖುಷಿಯೋ ಖುಷಿ. ಹಬ್ಬದ ಕಥೆಯೇ ಎಣ್ಣೆಯದು. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಅರಸ ಆಂಟಿಯೋಕಸ್ ಯಹೂದಿಗಳ ದೇವಾಲಯವನ್ನು ಕೆಡಿಸಿದ್ದ. ಮಕಬೀಯರು ಅನ್ನುವ ಯಹೂದಿ ಹೋರಾಟಗಾರರು ಕಾದಾಡಿ ಬಿಡಿಸಿಕೊಂಡರು. ಒಳಗೆ ಹೋಗಿ ನೋಡಿದರೆ ಮೈಲಿಗೆಯಾಗದ ಎಣ್ಣೆ ಒಂದೇ ದಿನಕ್ಕಾಗುವಷ್ಟಿತ್ತಂತೆ. ಅದು ಎಂಟು ದಿನ ಉರಿಯಿತಂತೆ. "ಅಕ್ಷಯ ಪಾತ್ರೆ ಅನ್ನು" ಅಂದಳು ಅಮ್ಮ. ಅವಳಿಗೆ ಅಷ್ಟು ಸಾಕಾಯಿತು.

ತೊಂದರೆ ಬಂದದ್ದು ಬತ್ತಿಯಲ್ಲಿ. ಮೊದಲು ಅಮ್ಮ ಹಣತೆಗಳನ್ನು ರಂಗೋಲಿಯ ಹಾಗೆ ಸುತ್ತಲೂ ಜೋಡಿಸಿದಳು. ಹಾಗಲ್ಲ, ಗುಂಪು ಸೇರಿ ಉರಿದರೆ ಬೆಂಕಿ ಹಾಕಿದಂತೆ ಕಾಣುತ್ತದೆ, ಒಂದೊಂದು ಉರಿಯೂ ಬೇರೆ ಬೇರೆ ಕಾಣಬೇಕು ಅಂದರು ಅಜ್ಜಿ. ಸರಿ, ಸಾಲಾಗಿ ಇಟ್ಟಳು. ಆಮೇಲೆ ಒಂದೊಂದು ಹಣತೆಗೂ ಎರಡೆರಡು ಬತ್ತಿ ಹಾಕಿದಳು. ಅದೂ ಆಗದು ಅಂದರು. ಎರಡು ಉರಿ ಬಂದರೆ ಎರಡು ದೀಪದ ಲೆಕ್ಕ, ಮೂರನೇ ರಾತ್ರಿ ಆರಾಗುತ್ತದೆ.

"ಒಂಟಿ ಬತ್ತಿ ಹಚ್ಚಬಾರದು ಕಣೋ, ಆಯಮ್ಮಂಗೆ ಹೇಳು."

ನಾನು ಹೇಳಿದೆ. ಇಬ್ಬರು ಹಿರಿಯರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರದೂ ನೂರಾರು ವರ್ಷದ ಪದ್ಧತಿ, ಮಧ್ಯದಲ್ಲಿ ಅನುವಾದಕ್ಕೆ ನಾನು. ಕೊನೆಗೆ ಅಮ್ಮನೇ ದಾರಿ ತೆಗೆದಳು. ಎರಡು ಬತ್ತಿಯನ್ನು ಅಂಗೈಯಲ್ಲಿಟ್ಟು, ಬೆರಳಿಗೆ ಚೂರು ಹಾಲು ಸವರಿಕೊಂಡು, ಹೊಸೆದು ಒಂದು ಮಾಡಿದಳು. ಬತ್ತಿ ಎರಡು, ಉರಿ ಒಂದು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ತಲೆಯಾಡಿಸಿದರು.

ಎಷ್ಟು ಬೇಕು? ಮೊದಲ ರಾತ್ರಿ ಒಂದು, ಎರಡನೇ ರಾತ್ರಿ ಎರಡು, ಹೀಗೆ ಎಂಟರವರೆಗೆ ಕೂಡಿದರೆ 36. ದಿನಕ್ಕೊಂದು ಶಮಾಶ್ ಸೇರಿಸಿದರೆ 44. ಅಂಗಡಿಯ ಮೇಣದಬತ್ತಿ ಪೆಟ್ಟಿಗೆಯಲ್ಲೂ 44 ಇರುವುದು ಅದಕ್ಕೇ. ಜೋಡಿ ಅಂದರೆ 88. ಅಮ್ಮ ಮೂರು ದಿನ ಹತ್ತಿ ಹಿಡಿದು ಕೂತಳು. ಶಮಾಶ್‌ನ ಹಣತೆಗೆ ಪೀಠವಾಗಿ ನಮ್ಮ ಸ್ಟೀಲ್ ಲೋಟವನ್ನು ಬೋರಲು ಹಾಕಿದೆವು. ಹಲಗೆಗೆ ಅಲ್ಯುಮಿನಿಯಂ ಹಾಳೆ ಸುತ್ತಿದೆವು. ಈ ಸಲ ಅಂಟಿನ ಗನ್ ಹತ್ತಿರ ನಾನು ಸುಳಿಯಲಿಲ್ಲ.

ಗುರುವಾರ ಸಂಜೆ ಕತ್ತಲಾದ ಮೇಲೆ ಅವರ ಮನೆಗೆ ಹೋದೆವು. ಬೀದಿಗೆ ಕಾಣುವಂತೆ ಕಿಟಕಿಯ ಹತ್ತಿರ ಹಲಗೆ ಇಟ್ಟಿದ್ದರು. ಆಲಿವ್ ಎಣ್ಣೆ ಹಾಕಿ, ಹೀಬ್ರೂ ಪ್ರಾರ್ಥನೆ ಹಾಡಿ, ಮೊಮ್ಮಗ ಶಮಾಶ್‌ನಿಂದ ತೀರಾ ಬಲಗಡೆಯ ಹಣತೆ ಹಚ್ಚಿದ. ನಾಳೆಯದು ಅದರ ಎಡಕ್ಕೆ, ಹಚ್ಚುವಾಗ ಮಾತ್ರ ಹೊಸದನ್ನೇ ಮೊದಲು. "ಹೊಸ ಸೊಸೆಗೆ ಮೊದಲು ಮರ್ಯಾದೆ" ಅಂದಳು ಅಮ್ಮ ನನ್ನ ಕಿವಿಯಲ್ಲಿ.

ಮಕ್ಕಳಿಗೆ ಚೆನ್ನಾಗಿ ಕಾಣಲಿ ಅಂತ ಲೈಟ್ ಆರಿಸಿದರು. ದೀಪ ಅರ್ಧ ಗಂಟೆಯಾದರೂ ಉರಿಯಬೇಕು. ಅದರ ಬೆಳಕಿನಲ್ಲಿ ಓದುವುದು, ಕೆಲಸ ಮಾಡುವುದು ಕೂಡದು, ಸುಮ್ನೆ ನೋಡಬೇಕಷ್ಟೇ. ಆಲೂಗಡ್ಡೆಯ ಲಾಟ್ಕೆ ಬಂತು, ನಮ್ಮ ಆಲೂ ವಡೆಯ ಚಪ್ಪಟೆ ತಮ್ಮನ ಹಾಗೆ. ತಿಂದು ಐದು ನಿಮಿಷ ಆಗಿರಬಹುದು. ಅಮ್ಮನ ಕೈ ಸುಮ್ಮನಿರಲಿಲ್ಲ. ಚೀಲದಿಂದ ಹತ್ತಿ ತೆಗೆದು ನಾಳೆಯ ಬತ್ತಿ ಹೊಸೆಯೋಕೆ ಶುರು ಮಾಡಿದಳು.

"ಅಜ್ಜೀ! ಆ ದೀಪದ ಬೆಳಕಲ್ಲಿ ಕೆಲಸ ಮಾಡಬಾರದು!" ಮಗಳು ಕೂಗಿದಳು.

ಅಮ್ಮ ಲೋಟದ ಮೇಲಿದ್ದ ಶಮಾಶ್ ಕಡೆ ಗಲ್ಲ ತೋರಿಸಿದಳು. "ನಾನು ಆಳಿನ ಬೆಳಕಲ್ಲಿ ಮಾಡ್ತಿದೀನಿ ಕಣೇ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಪಕ್ಕದ ಮನೆ ಅಜ್ಜಿ ಜೋರಾಗಿ ನಕ್ಕುಬಿಟ್ಟರು. ಶಮಾಶ್ ಇಡುವುದೇ ಅದಕ್ಕಂತೆ. ಆಮೇಲೆ ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕ ಕೂತು, ಅಂಗೈ ಚಾಚಿ, ಒಂದಿಷ್ಟು ಹತ್ತಿ ಕೊಡಿ ಅಂದರು.