ಸ್ವಿಫ್ಟ್ ಮುಂದಿನ ಬ್ರೇಕ್ ಕೆಲ್ಸ: ಡಿಸ್ಕ್ ಪ್ಯಾಡ್ ಎರಡೂ ಬದ್ಲಿ ಮಾಡ್ದೆ

ಹೋದ ತಿಂಗ್ಳ ಜೇವರ್ಗಿಗಿ ಹೋಗುವಾಗ ಕಟ್ಟಿ ಸಂಗಾವಿ ಸೇತುವೆ ಹತ್ರ ಮುಂದಿನ ತೊಗರಿ ಚೀಲದ ಲಾರಿ ಒಮ್ಮೆಲೇ ನಿಂತ್ಬಿಡ್ತು, ನಾ ಬ್ರೇಕ್ ಹೊಡ್ದೆ, ಗಾಡಿ ನಿಂತಿದ್ದು ಖರೆ, ಆದ್ರ ಸ್ಟೇರಿಂಗ್ ಕೈಯಾಗ ಹಿಟ್ಟಿನ ಗಿರಣಿಗತೆ ನಡುಗಿತು. ಬಾಜೂಕ ಕುಂತಿದ್ದ ಮಾಮಾ "ಅಳಿಯಾ, ಡಿಸ್ಕ್ ಬೆಂಡ್ ಆಗ್ಯಾವ, ಫೇಸಿಂಗ್ ಮಾಡ್ಸು" ಅಂದ್ರು. ಫೇಸಿಂಗ್ ಅಂದ್ರ ಗಾಲಿ ಜೋಡಿ ತಿರುಗೋ ಬ್ರೇಕ್ ಡಿಸ್ಕಿನ ಮೈ ಹೆರದು ಸಪಾಟ್ ಮಾಡೋದು. ಅದು ವರ್ಷದ ಹಿಂದೇ ಒಂದ್ಕಡಿ ಮಾಡ್ಸಿದ್ದೆ ನೋಡ್ರಿ, ಮೂರ್ ತಿಂಗ್ಳ ಛೊಲೊ ಇತ್ತು, ಆಮ್ಯಾಲ ಮತ್ತ ಅದೇ ರಾಗ.

ಅದಕ್ಕ ಈ ಸಲ ನಾನೇ ಬಿಚ್ಚಿ ನೋಡ್ದೆ. ಎಡಗಡಿ ಗಾಲಿದಾಗ ಒಳಗಿನ ಪ್ಯಾಡ್ 2 ಎಂಎಂ ಉಳದದ, ಹೊರಗಿಂದು 6 ಎಂಎಂ. ಅಲ್ಲೇ ಕಥಿ ತಿಳೀತು. ಡಿಸ್ಕಿನ ಎರಡೂ ಬಾಜೂ ಪ್ಯಾಡ್ ಒತ್ತಿ ಹಿಡಿಯೋ ಇಕ್ಕಳಕ್ಕ ಕ್ಯಾಲಿಪರ್ ಅಂತಾರ. ಈ ಕ್ಯಾಲಿಪರ್‌ಗಿ ಇರೋದು ಒಂದೇ ಪಿಸ್ಟನ್, ಅದು ಒಳಗಿನ ಪ್ಯಾಡ್ ಒತ್ತತದ, ಆಮ್ಯಾಲ ಇಡೀ ಕ್ಯಾಲಿಪರ್ ಎರಡು ಪಿನ್ ಮ್ಯಾಲ ಸರದು ಹೊರಗಿನ ಪ್ಯಾಡ್ ಜಗ್ಗತದ. ಕೆಳಗಿನ ಪಿನ್ನಿನ ರಬ್ಬರ್ ಬೂಟ್ ಹರದಿತ್ತು, ಸೇಡಂ ರೋಡಿನ ಧೂಳೆಲ್ಲ ಒಳಗ ಸೇರಿ ಗ್ರೀಸ್ ಒಣಗಿದ ಬೆಲ್ಲದ ಪಾಕದಗತೆ ಆಗಿತ್ತು. ಪಿನ್ ಸರೀಲಿಲ್ಲಂದ್ರ ಒಳಗಿನ ಪ್ಯಾಡ್ ಒಂದೇ ದುಡೀತದ.

ಇನ್ನ ಡಿಸ್ಕ್. ಅಂಚಿಗಿ ಸವೀಲಾರದ ದಂಡಿ ಉಳದಿತ್ತು, ದಪ್ಪ ಅಳಿಯೋ ವರ್ನಿಯರ್ ಹಾಕಿದ್ರ ಅದರ ಮ್ಯಾಲೇ ಕುಂದರ್ತದ, ಅಳತಿ ಸುಳ್ಳು ಬರ್ತದ. ಎರಡೂ ಬಾಜೂ ಒಂದೊಂದ್ ರೂಪಾಯಿ ನಾಣ್ಯ ಇಟ್ಟು ಅಳದೆ, ನಾಣ್ಯದ ದಪ್ಪ ಕಳದೆ. ಡಿಸ್ಕಿನ ಮ್ಯಾಲೇ ಮಿನಿಮಮ್ ದಪ್ಪ ಅಚ್ಚು ಹಾಕಿರ್ತಾರ, ಅದಕ್ಕಿಂತ 0.4 ಎಂಎಂ ಕಡಿಮಿ. ಮತ್ತ ಫೇಸಿಂಗ್ ಮಾತೇ ಇಲ್ಲ.

ಆರ್ಸೋದ್ರಾಗೇ ಎರಡು ವಾರ ಹೋದ್ವು. ಖರೆ ಹೇಳ್ಬೇಕಂದ್ರ ನಂಗ ತೂತು ಹೊಡದ, ಗೀರು ಹಾಕಿದ ಡಿಸ್ಕಿನ ಮ್ಯಾಲ ಭಾಳ ಮನಸಿತ್ತು, ಅಲಾಯ್ ಒಳಗಿಂದ ಛಂದ್ ಕಾಣ್ತಾವ. ಆದ್ರ ದಿನಾ ಆಫೀಸಿಗಿ ಹೋಗಿ ಬರೋ ಗಾಡಿಗಿ ಅದರಿಂದ ಫಾಯ್ದಾ ಇಲ್ಲ, ಉಲ್ಟಾ ತೂತಿನ ಹತ್ರ ಬಿರುಕು ಬಿಡೋ ಚಾನ್ಸ್ ಇರ್ತದ. ಸಾದಾ ವೆಂಟಿಲೇಟೆಡ್ ಡಿಸ್ಕ್ (ನಡುವ ಗಾಳಿ ಆಡೋ ಸಂದಿ ಇರೋದು), ಕಂಪನಿ ಪಾರ್ಟೇ, ಎಡಕ್ಕ ಬಲಕ್ಕ ಕೂಡಿ ಜೋಡಿ ತೊಗೊಂಡೆ. ಪ್ಯಾಡಿಗಿ ಅಂಗಡಿಯವಾ "ನಮ್ ಕಲಬುರಗಿ ಬಿಸಲಿಗಿ ಸಿರಾಮಿಕ್ಕೇ ಬೇಕ್ರಿ" ಅಂದ. ಬಿಸಲು 44 ಡಿಗ್ರಿ ಇದ್ರೇನು, ಜೋರಾಗಿ ಬ್ರೇಕ್ ಹೊಡದ್ರ ಡಿಸ್ಕ್ ನೂರಾರು ಡಿಗ್ರಿ ಕಾಯ್ತದ, ಅದಕ್ಕ ನಮ್ಮ ಬಿಸಲು ಲೆಕ್ಕಕ್ಕಿಲ್ಲ! ಸಿರಾಮಿಕ್ ಧೂಳು ಕಡಿಮಿ, ಸಪ್ಪಳ ಕಡಿಮಿ, ರೊಕ್ಕ ಜಾಸ್ತಿ, ಅಷ್ಟೇ. ನಾ ನೋಡಿದ್ದು ಪ್ಯಾಡ್ ಬೆನ್ನಿಗಿ ಇಲ್ಲಾ ಅಂಚಿಗಿ ಪ್ರಿಂಟ್ ಇರೋ ಎರಡು ಇಂಗ್ಲಿಷ್ ಅಕ್ಷರ. ಮೊದಲಿಂದು ತಂಪಿದ್ದಾಗಿನ ಹಿಡಿತ, ಎರಡ್ನೇದು ಕಾದಾಗಿಂದು. ಹಿಡಿತ ಅಳಿಯೋದು ಘರ್ಷಣೆಯ ಅಂಕಿ ಮ್ಯಾಲ, ಅಂಕಿ ಹೆಚ್ಚಿದ್ರ ಹಿಡಿತ ಹೆಚ್ಚು. ಇ ಅಂದ್ರ 0.25ರಿಂದ 0.35, ಎಫ್ ಅಂದ್ರ 0.35ರಿಂದ 0.45, ಜಿ ಅಂದ್ರ ಅದರ ಮ್ಯಾಲ 0.55ರ ತನಕ. ಒಂದ್ ಪ್ಯಾಡ್ ಅಗ್ದಿ ಸೋವಿ ಇತ್ತು, ಅಕ್ಷರಾನೇ ಇದ್ದಿಲ್ಲ, ವಾಪಸ್ ಕೊಟ್ಟೆ. ಎಫ್‌ಎಫ್ ತೊಗೊಂಡೆ, ಕಾದ್ರೂ ಹಿಡಿತ ಬೀಳಲ್ಲ, ಊರಾಗ ಓಡಾಡೋ ಗಾಡಿಗಿ ಸಾಕು.

ಐತವಾರ ಮುಂಜಾನಿ ಕೂಡ್ಸಿದೆ. ಎಲ್ಲಕಿಂತ ಜಾಸ್ತಿ ಟೈಮ್ ತಿಂದಿದ್ದು ಡಿಸ್ಕ್ ಕುಂದರೋ ಹಬ್ ತಿಕ್ಕೋದು. ಹಬ್ಬಿನ ಮ್ಯಾಲ ಕೂದ್ಲೆಳಿಯಷ್ಟು ಜಂಗ್ ಉಳದ್ರೂ ಡಿಸ್ಕಿನ ಅಂಚಿನಾಗ ಅದು ದೊಡ್ಡ ಓಲಾಟ ಆಗ್ತದ, ಹಳೀ ಫೇಸಿಂಗ್ ಮೂರೇ ತಿಂಗ್ಳ ಬಾಳಿದ್ದು ಅದಕ್ಕೇ ಅಂತ ನನ್ನ ಗುಮಾನಿ. ವೈರ್ ಬ್ರಷ್ ಹಿಡದು ಅರ್ಧಾ ತಾಸು ತಿಕ್ಕಿದೆ. ಹೊಸ ಡಿಸ್ಕಿನ ಎಣ್ಣಿ ಬ್ರೇಕ್ ಕ್ಲೀನರ್ ಹೊಡದು ಒರಸ್ದೆ, ಪಿನ್ನಿಗಿ ಹೊಸ ಬೂಟ್, ಸಿಲಿಕಾನ್ ಗ್ರೀಸ್. ಬ್ರೇಕ್ ಆಯಿಲ್ ಡಾಟ್ 4 ದರ್ಜೆದು ಹಾಕ್ದೆ, ಹೊಸದಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿ ತನಕ ಕುದಿಯಂಗಿಲ್ಲ, ಗಾಳ್ಯಾಗಿನ ನೀರು ಕುಡದ್ಮ್ಯಾಲ ಅದು 155ಕ್ಕ ಇಳೀಬಹುದು. ಹಳೀದು ಚಹಾದ ಡಿಕಾಕ್ಷನ್ ಬಣ್ಣ ಇತ್ತು. ಬ್ರೇಕ್ ಪೈಪಿನ್ಯಾಗಿನ ಗಾಳಿ ತೆಗಿಯಾಕ ತಮ್ಮ ಒಳಗ ಕುಂತು ಪೆಡಲ್ ಒತ್ತಿ "ಹಿಡದೀನಿ" ಅನ್ಬೇಕು, ನಾ ಕ್ಯಾಲಿಪರಿನ ನಿಪ್ಪಲ್ (ಗಾಳಿ ಬಿಡೋ ತಿರುಪು) ಸಡಿಲ ಮಾಡ್ಬೇಕು, ಅವಾ ನಡಬರ್ಕ ಮೊಬೈಲ್ ನೋಡ್ಕೋತ ಪೆಡಲ್ ಬಿಟ್ಟ, ಗಾಳಿ ಮತ್ತ ಒಳಗ. ಮೊದಲಿಂದ ಶುರು.

ಹೊಸ ಪ್ಯಾಡ್ ಡಿಸ್ಕಿಗಿ ಹೊಂದ್ಕೊಳ್ಲಿ ಅಂತ ಮರುದಿನ ನಸಿಕಿನ್ಯಾಗ ಖಾಲಿ ರಿಂಗ್ ರೋಡಿಗಿ ಹೋಗಿ 60ರಿಂದ 10ಕ್ಕ ಇಳಿಸೋದು, ಪೂರ್ತಿ ನಿಲ್ಲಸಲಾರ್ದ, ಹತ್ತು ಸಲ. ಕಾದ ಪ್ಯಾಡ್ ಒತ್ತಿ ಹಿಡದು ನಿಂತ್ರ ಅದರ ಅಚ್ಚು ಡಿಸ್ಕಿಗಿ ಅಂಟ್ಕೋತದ, ಜನ "ಬೆಂಡ್" ಅನ್ನೋದು ಭಾಳ ಸಲ ಅದೇ ಇರ್ತದ. ಕಡೀಕ ಸುಟ್ಟ ವಾಸನಿ ಬಂತು, ಬ್ರೇಕ್ ಮುಟ್ಟಲಾರ್ದಂಗ ಅಷ್ಟ್ ದೂರ ಓಡ್ಸಿ ತಣ್ಣಗ ಮಾಡ್ದೆ.

ಈಗ 80ರಾಗ ಒತ್ತಿದ್ರೂ ಸ್ಟೇರಿಂಗ್ ಅಲುಗಂಗಿಲ್ಲ. ಮುಂಜಾನಿ ಮೊದಲ ಎರಡು ಬ್ರೇಕಿಗಿ ಮಾತ್ರ ಎಡಗಡಿ ಕಿರ್ ಅಂತದ, ಪ್ಯಾಡ್ ಬೆನ್ನಿಗಿ ಸಪ್ಪಳ ತಡಿಯಾಕ ಹಾಕೋ ತೆಳು ತಗಡು, ಶಿಮ್, ಹಳೀವೇ ತಿರುಗಿ ಹಾಕಿದ್ದು ನನ್ನ ಜಿಪುಣತನ, ಹೊಸವು ತರಸ್ಲಿಕ್ಕ ಹೇಳೀನಿ. ಹ್ಯಾಂಡ್ ಬ್ರೇಕ್ ಒಂಬತ್ತು ಟಿಕ್ ಹೋಗ್ಲಿಕತ್ತದ, ಬರೋ ಐತವಾರ ಹಿಂದಿನ ಡ್ರಮ್ ಬಿಚ್ಚಬೇಕು, ತಮ್ಮನ ಮೊಬೈಲ್ ಮೊದ್ಲ ಕಸ್ಗೊಂಡು.