ಬೊಂಡೈ ಬ್ಲೂ ಐಮ್ಯಾಕ್: ಬೋರ್ಡು ಹೊರಗೆ ಬಂತು, ಬ್ಯಾಟರಿ ಹೊಸದಾಯಿತು

ಈ ವಾರ ಆ್ಯಪಲ್ ಕಂಪನಿಯ ಹಳೇ ಕಂಪ್ಯೂಟರ್ ಐಮ್ಯಾಕ್ ಬಿಚ್ಚಿದೆ. ಬೊಂಡೈ ಬ್ಲೂ ಅನ್ನುವುದು ಅದರ ನೀಲಿ-ಹಸಿರು ಬಣ್ಣದ ಹೆಸರು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಒಬ್ಬರು ಗ್ಯಾರೇಜ್ ಖಾಲಿ ಮಾಡುವಾಗ ಸಿಕ್ಕ 1998ರ ಮೊದಲ ಮಾದರಿ ಇದು. 233 ಮೆಗಾಹರ್ಟ್ಸ್ ಜಿ3 ಪ್ರೊಸೆಸರ್, 32 ಎಂಬಿ ರ‍್ಯಾಮ್, 4 ಜಿಬಿ ಹಾರ್ಡ್ ಡಿಸ್ಕ್, 15 ಇಂಚಿನ ಪಿಕ್ಚರ್ ಟ್ಯೂಬು. ಪ್ಲಗ್ ಹಾಕಿದರೆ ಆನ್ ಆಗುತ್ತದೆ, ಚಿತ್ರವೂ ಚೆನ್ನಾಗಿದೆ. ಆದರೆ ಆಫ್ ಮಾಡಿ ಪ್ಲಗ್ ತೆಗೆದರೆ ತಾರೀಖು ಮರೆತುಬಿಡುತ್ತದೆ, ಹಾರ್ಡ್ ಡಿಸ್ಕ್ ಕರಕರ ಅನ್ನುತ್ತದೆ.

ಬಿಚ್ಚುವ ಕ್ರಮ ಹೀಗಿದೆ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಮೆಷಿನ್ನನ್ನು ಮುಖ ಕೆಳಗೆ ಮಾಡಿ ಮಲಗಿಸಬೇಕು. ಹೆಚ್ಚುಕಡಿಮೆ 17 ಕೆಜಿ ತೂಕ, ಅದರಲ್ಲಿ ಜಾಸ್ತಿ ಭಾರ ಟ್ಯೂಬಿನದೇ. ತಳದ ಮುಚ್ಚಳದ ಸ್ಕ್ರೂ ತೆಗೆದು ಎಳೆದರೆ ಮುಚ್ಚಳ ಬರುತ್ತದೆ. ಇಲ್ಲಿ ಅವಸರ ಬೇಡ, ಇಷ್ಟು ವರ್ಷಕ್ಕೆ ಪ್ಲಾಸ್ಟಿಕ್ ಕೊಂಡಿಗಳು ಮುಟ್ಟಿದರೆ ಮುರಿಯುವ ಹಾಗಾಗಿರುತ್ತವೆ. ಒಳಗೆ ಕೇಬಲ್‌ಗಳನ್ನು ಬಿಡಿಸಿ, ಸ್ಕ್ರೂ ತೆಗೆದು, ಪ್ಲಾಸ್ಟಿಕ್ ಹಿಡಿ ಹಿಡಿದು ಎಳೆದರೆ ಬೋರ್ಡು, ಹಾರ್ಡ್ ಡಿಸ್ಕ್, ಸಿಡಿ ಡ್ರೈವ್ ಎಲ್ಲ ಒಟ್ಟಿಗೆ ಡ್ರಾಯರ್ ಥರ ಹೊರಗೆ ಬರುತ್ತವೆ. ಟ್ಯೂಬಿನ ಭಾಗ ಮುಟ್ಟುವುದೇ ಬೇಡ. ಪ್ಲಗ್ ತೆಗೆದ ಮೇಲೂ ಅಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಹಾಗಾಗಿ ಈ ವ್ಯವಸ್ಥೆ ನನಗೆ ತುಂಬಾ ಇಷ್ಟವಾಯಿತು.

ಮೊದಲ ಕೆಲಸ, ಪ್ಲಗ್ ಇಲ್ಲದಾಗ ತಾರೀಖು ನೆನಪಿಡುವ ಬ್ಯಾಟರಿ. 3.6 ವೋಲ್ಟಿನ ಲಿಥಿಯಂ ಸೆಲ್, ಎಎ ಸೆಲ್ಲಿನ ಅರ್ಧ ಉದ್ದ. ಹಳೇ ಮ್ಯಾಕ್‌ಗಳನ್ನು ಕೊಲ್ಲುವುದು ಸಾಮಾನ್ಯವಾಗಿ ಇದೇ, ಸೋರಿ ಬೋರ್ಡನ್ನೇ ತಿಂದುಬಿಡುತ್ತದೆ. ಪುಣ್ಯಕ್ಕೆ ಇಲ್ಲಿ ಸೋರಿರಲಿಲ್ಲ, ತೆಗೆದು ಹೊಸದು ಹಾಕಿದೆ. ಹಳೇ ಮ್ಯಾಕ್ ಇಟ್ಟುಕೊಂಡವರು ಯಾರಾದರೂ ಇದ್ದರೆ ಇವತ್ತೇ ಆ ಸೆಲ್ ತೆಗೆದಿಡಿ.

ಎರಡನೆಯದು ರ‍್ಯಾಮ್. ಪ್ರೊಸೆಸರ್ ಒಂದು ಪುಟ್ಟ ಕಾರ್ಡಿನ ಮೇಲಿದೆ. ರ‍್ಯಾಮ್ ಸ್ಲಾಟ್ ಒಂದು ಆ ಕಾರ್ಡಿನ ಮೇಲ್ಗಡೆ, ಇನ್ನೊಂದು ಕೆಳಗಡೆ. ಮೇಲಿನದಕ್ಕೆ ಲೋಹದ ಮುಚ್ಚಳ ತೆಗೆದರೆ ಸಾಕು. ಕೆಳಗಿನದಕ್ಕೆ ಹೀಟ್ ಸಿಂಕ್ (ಪ್ರೊಸೆಸರ್ ಬಿಸಿ ಹೀರುವ ಲೋಹದ ತುಂಡು) ಬಿಚ್ಚಿ ಇಡೀ ಕಾರ್ಡನ್ನೇ ಎತ್ತಬೇಕು. ಸದ್ಯಕ್ಕೆ ಮೇಲಿನದಕ್ಕೆ ಮಾತ್ರ ಹಾಕಿದ್ದೇನೆ.

ಬೋರ್ಡು ಹೊರಗಿದ್ದಾಗ ಖಾಲಿ ಕವಚವನ್ನು ತುಂಬಾ ಹೊತ್ತು ನೋಡಿದೆ. ಆ ನೀಲಿ-ಹಸಿರು ಪ್ಲಾಸ್ಟಿಕ್‌ನಲ್ಲಿ ಒಳಗಿನದು ಮಸುಕಾಗಿ ಕಾಣುತ್ತದೆ. ಕಾಣುತ್ತದೆ ಅಂದಮೇಲೆ ಒಳಗಿರುವುದೂ ಅಚ್ಚುಕಟ್ಟಾಗಿರಬೇಕು, ಅಲ್ವಾ? ಸಿಗ್ನಲ್ ತಡೆಯಲು ಹಾಕಿದ ತೂತುತೂತಿನ ಲೋಹದ ಹಾಳೆ ಕೂಡ ನೋಟದ ಭಾಗವೇ. ಆ ಕಾಲದ ಬೇರೆ ಪಿಸಿಗಳಲ್ಲಿ ಅದು ಮಂಕಾದ ಕೆನೆಬಣ್ಣದ ಡಬ್ಬಿಯೊಳಗೆ ಮುಚ್ಚಿಹೋಗುತ್ತಿತ್ತು. ಇದರ ವಿನ್ಯಾಸ ಮಾಡಿದ ಜೊನಾಥನ್ ಐವ್ ತಂಡ ಬಣ್ಣ ಬಳಿದು ಸುಮ್ಮನಾಗಲಿಲ್ಲ ಅನ್ನುವುದು ಬಿಚ್ಚಿ ನೋಡಿದರೇ ಗೊತ್ತಾಗುವುದು. ನೆತ್ತಿಯ ಮೇಲಿನ ಹಿಡಿಯನ್ನೇ ನೋಡಿ. ದಿನಾ ಎತ್ತಿಕೊಂಡು ಓಡಾಡುವ ಮೆಷಿನ್ ಇದಲ್ಲ. ಕಂಪ್ಯೂಟರ್ ಕಂಡರೆ ಹಿಂಜರಿಯುವವರಿಗೆ ‘ಬಾ, ಮುಟ್ಟು’ ಅನ್ನಲಿಕ್ಕೆ ಆ ಹಿಡಿ ಇರುವುದು. ಅದಕ್ಕೆ ಖರ್ಚು ಜಾಸ್ತಿ, ಆದರೂ ಉಳಿಸಿಕೊಂಡರು.

ಉಳಿಸಿಕೊಂಡದ್ದಕ್ಕಿಂತ ಬಿಟ್ಟದ್ದು ಇನ್ನೂ ದೊಡ್ಡ ಧೈರ್ಯ. ಫ್ಲಾಪಿ ಡ್ರೈವ್ ಇಲ್ಲ. ಆ್ಯಪಲ್‌ನ ಹಳೇ ಕೀಬೋರ್ಡ್ ಪೋರ್ಟ್, ಪ್ರಿಂಟರ್ ಪೋರ್ಟ್, ಹೊರಗಿನ ಡಿಸ್ಕ್, ಸ್ಕ್ಯಾನರ್ ಜೋಡಿಸುವ ಸ್ಕಜಿ ಪೋರ್ಟ್ ಎಲ್ಲ ಹೋದವು. ಬದಲಿಗೆ ಪಕ್ಕದಲ್ಲಿ ಎರಡು ಯುಎಸ್‌ಬಿ ಪೋರ್ಟ್. ಅದುವರೆಗೆ ಪಿಸಿಗಳಲ್ಲಿ ಯುಎಸ್‌ಬಿ ಇದ್ದರೂ ಬಳಸುವವರು ಕಡಿಮೆ. ಐಮ್ಯಾಕ್‌ಗೆ ಬೇರೆ ದಾರಿಯೇ ಇಲ್ಲದ್ದರಿಂದ ಪ್ರಿಂಟರ್, ಜಿಪ್ ಡ್ರೈವ್ (ಫ್ಲಾಪಿಗಿಂತ ದೊಡ್ಡ ಡಿಸ್ಕ್ ಓದುವ ಡ್ರೈವ್) ಮಾಡುವವರೆಲ್ಲ ಯುಎಸ್‌ಬಿಗೆ ಬಂದರು. ಹಲವರು ಅದೇ ನೀಲಿ ಪ್ಲಾಸ್ಟಿಕ್‌ನಲ್ಲೇ ಮಾಡಿದರು.

ಈ ಮೆಷಿನ್ನೇ ಆ್ಯಪಲ್ ಕಂಪನಿಯನ್ನು ಉಳಿಸಿತು ಅನ್ನುವ ಮಾತಿದೆ. ಅರ್ಧ ಒಪ್ಪುತ್ತೇನೆ. 1997ರ ಲೆಕ್ಕದ ವರ್ಷದಲ್ಲಿ ಕಂಪನಿಗೆ 100 ಕೋಟಿ ಡಾಲರಿಗೂ ಮೀರಿದ ನಷ್ಟ. ಅದೇ ಅಕ್ಟೋಬರಿನಲ್ಲಿ ಪಿಸಿ ಮಾಡುವ ಡೆಲ್ ಕಂಪನಿಯ ಮೈಕಲ್ ಡೆಲ್ ಅವರನ್ನು ಆ್ಯಪಲ್ ಬಗ್ಗೆ ಕೇಳಿದಾಗ, ತಾನಾಗಿದ್ದರೆ ಬಾಗಿಲು ಮುಚ್ಚಿ ಷೇರುದಾರರಿಗೆ ದುಡ್ಡು ವಾಪಸ್ ಕೊಡುತ್ತಿದ್ದೆ ಎಂದಿದ್ದರು. ಆದರೆ 1998ರ ಆಗಸ್ಟ್ 15ರಂದು ಐಮ್ಯಾಕ್ ಅಂಗಡಿಗೆ ಬರುವ ಹೊತ್ತಿಗೆ ಕಂಪನಿ ಆಗಲೇ ಲಾಭಕ್ಕೆ ಬಂದಿತ್ತು. ಆ್ಯಪಲ್ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಕಂಪನಿಗೆ ವಾಪಸ್ ಬಂದಮೇಲೆ ಹತ್ತಾರು ಮಾದರಿಗಳನ್ನು ಕೈಬಿಟ್ಟರು. ಮನೆಯವರಿಗೆ ಒಂದು, ವೃತ್ತಿಯವರಿಗೆ ಒಂದು, ಅದರಲ್ಲಿ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್, ಹೀಗೆ ನಾಲ್ಕೇ ಬಗೆ ಸಾಕು ಎಂದರು. ಅಂಗೈಯಲ್ಲಿ ಹಿಡಿಯುವ ನ್ಯೂಟನ್ ಕಂಪ್ಯೂಟರ್ ನಿಂತಿತು. ಮೈಕ್ರೋಸಾಫ್ಟ್ 15 ಕೋಟಿ ಡಾಲರ್ ಹಾಕಿತು. ತುಂಬಾ ಜನ ಕೆಲಸವನ್ನೂ ಕಳೆದುಕೊಂಡರು. ಕಂಪನಿಯ ರಕ್ತಸ್ರಾವ ನಿಂತದ್ದು ಇದರಿಂದ.

ಆದರೆ ಖರ್ಚು ಕಡಿಮೆ ಮಾಡಿ ಎಷ್ಟು ದಿನ ಬದುಕುತ್ತೀರಿ? ಹೊಸ ಜನ ಬರಬೇಕು. ಅವರನ್ನು ಕರೆತಂದದ್ದು ಐಮ್ಯಾಕ್. ಬೆಲೆ 1,299 ಡಾಲರ್. ಮೊದಲ ಆರು ವಾರದಲ್ಲಿ 2,78,000, ವರ್ಷದ ಕೊನೆಗೆ ಸುಮಾರು 8 ಲಕ್ಷ ಮಾರಾಟವಾಯಿತು. ಕೊಂಡವರಲ್ಲಿ ಹತ್ತಕ್ಕೆ ಸುಮಾರು ಮೂವರು ಅದುವರೆಗೆ ಕಂಪ್ಯೂಟರನ್ನೇ ಕೊಂಡಿರದವರು. ಈ ಅಂಕಿಯೇ ನನಗೆ ಮುಖ್ಯ. ನೆತ್ತಿಯ ಆ ಹಿಡಿ ತನ್ನ ಕೆಲಸ ಮಾಡಿತ್ತು.

ಮೊನ್ನೆ ಕುಪರ್ಟಿನೋದ ಡಿ ಆಂಜಾ ಕಾಲೇಜಿನ ಹತ್ತಿರ ಹೋಗುವ ಕೆಲಸವಿತ್ತು. ಅಲ್ಲಿದ್ದ ಫ್ಲಿಂಟ್ ಸೆಂಟರ್ ಸಭಾಂಗಣದಲ್ಲೇ 1998ರ ಮೇ 6ರಂದು ಜಾಬ್ಸ್ ಇದನ್ನು ತೋರಿಸಿದ್ದು. 1984ರಲ್ಲಿ ಮೊದಲ ಮ್ಯಾಕಿಂಟಾಷ್ ತೋರಿಸಿದ್ದೂ ಅಲ್ಲೇ.

ಎಲ್ಲವೂ ಇಷ್ಟವೆಂದಲ್ಲ. ಜೊತೆಗೆ ಬಂದ ದುಂಡಗಿನ ಮೌಸ್ ನೋಡಲಷ್ಟೇ ಚೆನ್ನ. ಕಣ್ಣು ಸ್ಕ್ರೀನ್ ಮೇಲಿದ್ದರೆ ಕೈಗೆ ಯಾವ ಕಡೆ ಮುಂದೆ ಅಂತ ತಿಳಿಯುವುದಿಲ್ಲ. 2000ದಲ್ಲಿ ಆ್ಯಪಲ್ ಕೂಡ ಅದನ್ನು ಬದಲಿಸಿತು.

ಮುಂದಿನ ಕೆಲಸ ಹಾರ್ಡ್ ಡಿಸ್ಕ್. ಹಳೇದರಲ್ಲಿರುವುದನ್ನೆಲ್ಲ ಮೊದಲು ಕಾಪಿ ತೆಗೆಯುತ್ತೇನೆ. ಆಮೇಲೆ ಅದರ ಜಾಗಕ್ಕೆ ಒಂದು ಕಾಂಪ್ಯಾಕ್ಟ್ ಫ್ಲಾಶ್ ಮೆಮೊರಿ ಕಾರ್ಡು, ಅದನ್ನು ಹಳೇ ಡಿಸ್ಕಿನ ಕೇಬಲ್‌ಗೆ ಜೋಡಿಸಲು ಐಡಿಇ ಅಡಾಪ್ಟರ್. ಅದರ ಮೇಲೆ ಆ್ಯಪಲ್‌ನ ಹಳೇ ಆಪರೇಟಿಂಗ್ ಸಿಸ್ಟಮ್ ಮ್ಯಾಕ್ ಓಎಸ್ 9. ಅದರ ನಂತರದ ಓಎಸ್ ಟೆನ್ ಹಾಕುವವರಿಗೆ ಒಂದು ಮಾತು: ಸಿಡಿ ಟ್ರೇ ಇರುವ ಈ ಐಮ್ಯಾಕ್‌ಗಳಲ್ಲಿ ಅದು ಡಿಸ್ಕಿನ ಮೊದಲ 8 ಜಿಬಿ ಒಳಗಿನ ಪಾರ್ಟಿಷನ್‌ನಲ್ಲೇ (ಡಿಸ್ಕಿನ ಪ್ರತ್ಯೇಕ ಭಾಗದಲ್ಲೇ) ಇರಬೇಕು. ಅಡಾಪ್ಟರ್ ಮುಂದಿನ ವಾರ ಬರುತ್ತದೆ. ಅಷ್ಟರಲ್ಲಿ ಹಳದಿಯಾದ ಬಿಳಿ ಭಾಗಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಹಚ್ಚಿ ಬಿಸಿಲಿಗಿಡುತ್ತೇನೆ. ಫೋಟೋ ಆಮೇಲೆ ಹಾಕುತ್ತೇನೆ.